ಮೊದಲು ಬಂದವನಿಗೆ ಆರತಿ

ಮಧುಗಿರಿ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಟೈರು ಅಂಗಡಿ ಇದೆ. ಬೈಕ್ ರೇಸಿಗೆ ಸೇರಬೇಕೆಂದು ಬರುವ ಹುಡುಗ ಹುಡುಗಿಯರು ಒಳಗೆ ಕಾಲಿಟ್ಟ ಕೂಡಲೇ ಗೋಡೆಯ ಮೇಲಿನ ಎರಡು ದೊಡ್ಡ ಬಹುಮಾನದ ಕಪ್ಪುಗಳನ್ನು ನೋಡುತ್ತಾರೆ. ಆಮೇಲೆ ನನ್ನ ಹೊಟ್ಟೆಯನ್ನು ನೋಡುತ್ತಾರೆ. ಎರಡಕ್ಕೂ ಸಂಬಂಧ ಕೂಡಿಸಲಾಗದೆ, "ಸಾರ್, ಇದು ನಿಮ್ದೇನಾ?" ಅನ್ನುತ್ತಾರೆ.

ನನ್ನದೇ. ಹದಿನೆಂಟು ವರ್ಷ ಸಂಬಳ ತೆಗೆದುಕೊಂಡು ಬೈಕ್ ಓಡಿಸಿದ್ದೇನೆ. ಎರಡು ಸಲ ದೇಶದ ರ್‍ಯಾಲಿ ಚಾಂಪಿಯನ್ ಆಗಿದ್ದೇನೆ. ಆ ಎರಡು ಸಲದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಬೇರೆಯವರು ಬಿದ್ದರು, ನಾನು ಬೀಳಲಿಲ್ಲ, ಅಷ್ಟೆ. ಮೂರನೆಯ ಸಲ ನಮ್ಮ ಮಧುಗಿರಿ ಸೀಮೆಯಲ್ಲೇ, ನಮ್ಮ ಅತ್ತೆಯ ಮನೆಯ ಮುಂದೆಯೇ ನಡೆದದ್ದು ಮಾತ್ರ ಈ ಕೆಲಸಕ್ಕೆ ಬರುವವರು ತಿಳಿದಿರಬೇಕಾದ ವಿಷಯ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಕೆಲಸ ಹೇಗಿರುತ್ತದೆ ಎಂದು ಹೇಳಿಬಿಡುತ್ತೇನೆ. ರ್‍ಯಾಲಿ ಅಂದರೆ ಟಿವಿಯಲ್ಲಿ ತೋರಿಸುವ ಹಾಗೆ ಎಲ್ಲರೂ ಒಟ್ಟಿಗೆ ಹೊರಟು ಗುಂಡಗೆ ಸುತ್ತುವುದಲ್ಲ. ಮಣ್ಣಿನ ಹಾದಿಯೊಂದನ್ನು ಎರಡು ಗಂಟೆ ಬಂದ್ ಮಾಡಿಸಿ, ನಮ್ಮನ್ನು ಒಂದೊಂದು ನಿಮಿಷಕ್ಕೆ ಒಬ್ಬೊಬ್ಬರಂತೆ ಬಿಡುತ್ತಾರೆ. ಯಾರು ಕಡಿಮೆ ಹೊತ್ತು ತೆಗೆದುಕೊಂಡರೋ ಅವರು ಗೆದ್ದರು. ಹಿಂದಿನ ದಿನ ಅದೇ ದಾರಿಯಲ್ಲಿ ನಿಧಾನವಾಗಿ ಹೋಗಿ ತಿರುವು, ಗುಂಡಿ, ಕಲ್ಲು ಎಲ್ಲವನ್ನೂ ಬರೆದುಕೊಳ್ಳಲು ಬಿಡುತ್ತಾರೆ. ಉಳಿದದ್ದು ನಿಮ್ಮ ಹಣೆಬರಹ ಮತ್ತು ನಿಮ್ಮ ಕೈಬರಹ.

ಹಾಕಿಕೊಳ್ಳುವ ಬಟ್ಟೆಗೆ ಎಂಟು ಬಕಲ್ಲು. ಆದ್ದರಿಂದ ರೇಸಿನ ಬೆಳಿಗ್ಗೆ ಕಾಫಿ ಕುಡಿಯಬೇಡಿ. ಇದನ್ನು ಯಾವ ತರಬೇತಿ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. ಮಂಡಿ ಕವಚಗಳನ್ನು ತೊಳೆದು ಕಾಂಪೌಂಡಿನ ಮೇಲೆ ಒಣಗಿಸಿದರೆ ಪಕ್ಕದ ಮನೆಯವರು "ನಾಟಕಕ್ಕೆ ಸೇರ್ಕಂಡ್ರಾ?" ಎಂದು ಕೇಳುತ್ತಾರೆ. ಹೌದು ಅಂದುಬಿಡಿ. ವಿವರಿಸಲು ಹೋದರೆ ಅವರ ಮಗನಿಗೂ ಒಂದು ಸೀಟು ಕೊಡಿಸಿ ಅನ್ನುತ್ತಾರೆ.

ನಾನು ಬೈಕ್ ಓಡಿಸಲು ಕಲಿತದ್ದು ಸಿರಾದ ಒಬ್ಬ ಔಷಧಿ ವ್ಯಾಪಾರಿಯ ಹತ್ತಿರ. ಸಿರಾದಿಂದ ಮಧುಗಿರಿಗೆ, ಅಲ್ಲಿಂದ ಪಾವಗಡಕ್ಕೆ, ಮೆಡಿಕಲ್ ಅಂಗಡಿಗಳಿಗೆ ಪೆಟ್ಟಿಗೆ ತಲುಪಿಸುವ ಕೆಲಸ. ಪೆಟ್ಟಿಗೆಯಲ್ಲಿ ಮಾತ್ರೆಗಳಿದ್ದರೆ ಸುಖ. ಟಾನಿಕ್ ಬಾಟಲಿ ಇದ್ದರೆ ಗುಂಡಿ ಹಾರಿಸುವ ಹಾಗಿಲ್ಲ, ಬ್ರೇಕ್ ಎಳೆದು ನಿಲ್ಲಿಸುವ ಹಾಗಿಲ್ಲ, ತಡ ಮಾಡುವ ಹಾಗೂ ಇಲ್ಲ. ಮುಂದೆ ಎಷ್ಟೋ ದೊಡ್ಡ ತರಬೇತುದಾರರು ಬಂದು ಹೇಳಿಕೊಟ್ಟರು. ಆದರೆ ಗಾಡಿಯ ಹಿಂದೆ ಟಾನಿಕ್ ಬಾಟಲಿ ಕಟ್ಟಿಕೊಂಡಂತೆ ಓಡಿಸಬೇಕು ಎನ್ನುವುದನ್ನು ಮೀರಿಸುವ ಮಾತು ಯಾರೂ ಹೇಳಲಿಲ್ಲ.

ಬರೆದುಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ. ದಿನಾ ಟೈರಿನ ಗಾಳಿ, ತಿಂದ ತಿಂಡಿ, ಮಂಡಿನೋವು ಎಲ್ಲವನ್ನೂ ಬರೆದಿಡುವ ಚಟ. ಆದರೂ ಮೊದಲ ವರ್ಷ ಪಾವಗಡದ ಆಚೆ ಒಂದು ತಿರುವಿಗೆ ಬರೆದುಕೊಂಡದ್ದು ಹೀಗೆ: 'ಕಟ್ಟಿದ ಎಮ್ಮೆ, ಕೂಡಲೇ ಬಲಕ್ಕೆ.' ಮಾರನೆಯ ದಿನ ಎಮ್ಮೆ ಬರಲಿ ಎಂದು ಕಾಯುತ್ತಾ ಪೂರ್ತಿ ವೇಗದಲ್ಲಿ ಹೋದೆ. ಎಮ್ಮೆ ಬರಲಿಲ್ಲ. ತಿರುವು ಬಂತು. ನಾನು ಕಡಲೇಕಾಯಿ ಹೊಲದಲ್ಲಿ ಅಂಗಾತ ಬಿದ್ದಿದ್ದೆ. ಹೊಲದ ಯಜಮಾನ ಓಡಿ ಬಂದು ಬಗ್ಗಿ ನೋಡಿ, ಆ ಕಡೆಯವರ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದ.

"ಏಮಪ್ಪಾ, ಬದ್ಕಿದ್ದೀಯಾ?"

"ಎಮ್ಮೆ ಎಲ್ಲಿ?" ಅಂದೆ.

"ಏ ಎಮ್ಮೆ?"

"ಆ ಮರಕ್ಕೆ ಕಟ್ಟಿತ್ತಲ್ಲ, ನಿನ್ನೆ."

"ಅದಾ? ಅದು ಕೆರೆಗೆ ಪೋಯಿಂದಿ." ನನ್ನನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಸೇರಿಸಿದ: "ಅದನ್ನ ಮಾರಲ್ಲಪ್ಪಾ ನಾವು. ಹಿಂಗೆಲ್ಲ ಬಂದು ಕೇಳಿದ್ರೂ ಮಾರಲ್ಲ."

ಅಂದಿನಿಂದ ನಡೆದಾಡುವ ಯಾವುದನ್ನೂ ಗುರುತಿಗೆ ಬರೆಯಲಿಲ್ಲ. ಹುಣಸೆಮರ, ಬಂಡೆ, ಲೈಟುಕಂಬ. ಕೊನೆಕೊನೆಗೆ ನನಗೆ ಸಂಬಳ ಕೊಡುತ್ತಿದ್ದ ಬೈಕ್ ಕಂಪನಿಯವರು ಪುಸ್ತಕ ಬಿಡಿಸಿ ಟ್ಯಾಬ್ಲೆಟ್ ಕೊಟ್ಟರು. ಎಡಕ್ಕೊಂದು ಬಾಣ, ಬಲಕ್ಕೊಂದು ಬಾಣ. ಒಳ್ಳೆಯದೇ. ಆದರೆ ಬಾಣಕ್ಕೆ ಬಂಡೆ ಯಾವುದು, ಬಂಡೆಯ ಮೇಲೆ ಕುಳಿತ ತಾತ ಯಾವುದು ಎಂದು ತಿಳಿಯದು.

ನನ್ನ ಮೆಕ್ಯಾನಿಕ್ ಬಾಷಾ. ಸಿರಾದವನು. ಹದಿನೈದು ವರ್ಷ ನನ್ನ ಜೊತೆಗಿದ್ದ. ಎಂಜಿನ್ನಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ, ವೈದ್ಯರು ಕೆಮ್ಮಿಸುವ ಹಾಗೆ ಆಕ್ಸಿಲರೇಟರ್ ತಿರುವಿ ರೋಗ ಹೇಳುತ್ತಿದ್ದ. ಕಂಪನಿ ಒಬ್ಬ ಎಂಜಿನಿಯರನ್ನು ಲ್ಯಾಪ್‌ಟಾಪ್ ಕೊಟ್ಟು ಕಳಿಸಿದಾಗ ಬಾಷಾನಿಗೆ ಸಂಕಟವಾಯಿತು. ಒಂದು ದಿನ ಗಾಡಿಯಲ್ಲಿ ಕಿಟಿಕಿಟಿ ಸದ್ದು. ಲ್ಯಾಪ್‌ಟಾಪು ಏನೂ ತೊಂದರೆ ಇಲ್ಲ ಅಂದಿತು.

"ಅದಕ್ಕೆ ಕಿವಿ ಎಲ್ಲೈತೆ ಮಿಯಾ? ಬೇರಿಂಗ್ ಹೋಗೈತೆ, ಬಿಚ್ಚೋಣ," ಅಂದ ಬಾಷಾ.

ಮೂರು ಗಂಟೆ ಬಿಚ್ಚಿದರು. ಬೇರಿಂಗ್ ಹೊಸ ಮದುಮಗನ ಹಾಗೆ ಫಳಫಳ ಅನ್ನುತ್ತಿತ್ತು. ಸದ್ದು ಬರುತ್ತಿದ್ದದ್ದು ನನ್ನ ಹೆಂಡತಿ ಪ್ರೇಮ ಸೀಟಿನ ಕೆಳಗೆ ತುರುಕಿದ್ದ ಉಪ್ಪಿನಕಾಯಿ ಡಬ್ಬಿಯಿಂದ. ಅದರೊಳಗೆ ಒಂದು ಸ್ಪೂನಿತ್ತು. ಬಾಷಾ ಅದನ್ನು ಹೊರತೆಗೆದು ಎಂಜಿನಿಯರಿಗೆ ತೋರಿಸಿ, "ನಿನ್ನ ಕಂಪ್ಯೂಟರಿಗೂ ಗೊತ್ತಾಗಲಿಲ್ಲವಲ್ಲ," ಅಂದ. ಸೋತಾಗಲೂ ಒಂದು ಪಾಯಿಂಟ್ ಹೊಡೆಯುವುದು ಹೇಗೆಂದು ನಾನು ಕಲಿತದ್ದು ಅವನಿಂದ.

ಇನ್ನು ನಮ್ಮ ಮ್ಯಾನೇಜರ್ ಕುಲಕರ್ಣಿ ಸಾಹೇಬರು. ಪುಣೆಯವರು. ಅರ್ಧ ಕನ್ನಡ ಕಲಿತು ಅದರಲ್ಲೇ ಪೂರ್ತಿ ಬೈಯುತ್ತಿದ್ದರು. ನನಗೆ ನಲವತ್ತು ತುಂಬಿದ ವರ್ಷ ಕರೆದು ಕೂರಿಸಿಕೊಂಡು ಹೇಳಿದರು: "ತಿಮ್ಮರಾಜ್, ನಿನ್ನ ಏಜ್ ಆಯ್ತು. ಈ ವರ್ಷ ಟೈಟಲ್ ಬಂದ್ರೆ ಮುಂದಿನ ವರ್ಷ ಸೀಟ್ ಇದೆ. ಟೈಟಲ್ ಇಲ್ಲ, ತೋ ಸೀಟ್ ಇಲ್ಲ. ಮನೇಲಿ ಆರಾಮ್ ಮಾಡು."

ಮನೆಯಲ್ಲಿ ಆರಾಮ ಮಾಡುವುದು ಎಷ್ಟು ಕಷ್ಟದ ಕೆಲಸ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದ್ದರಿಂದ ಆ ವರ್ಷ ಜೀವ ಬಿಟ್ಟು ಓಡಿಸಿದೆ. ಕೊನೆಯ ರ್‍ಯಾಲಿ ಬರುವ ಹೊತ್ತಿಗೆ ನಾನೂ ಕೊಯಮತ್ತೂರಿನ ಸೆಲ್ವಂ ಎಂಬ ಇಪ್ಪತ್ತಾರರ ಯುವಕನೂ ಹೆಚ್ಚುಕಡಿಮೆ ಸಮಸಮ. ಅಲ್ಲಿ ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಅವರು ಚಾಂಪಿಯನ್. ಅವನು ಒಳ್ಳೆಯವನು. ರೇಸಿನಲ್ಲಿ ಎದುರಾಳಿ ಒಳ್ಳೆಯವನಾಗಿದ್ದರೆ ಭಾರಿ ತೊಂದರೆ. ಸಿಟ್ಟು ಬರುವುದಿಲ್ಲ.

ಆ ಕೊನೆಯ ರ್‍ಯಾಲಿ ನಮ್ಮ ಸೀಮೆಗೆ ಬಿತ್ತು. ಎರಡು ಓಟ. ಮೊದಲನೆಯದು ಕೊರಟಗೆರೆ ಕಡೆಯ ಗುಡ್ಡದ ಬುಡದಲ್ಲಿ, ಎರಡನೆಯದು ಮಧುಗಿರಿಯಿಂದ ಪಾವಗಡದ ದಿಕ್ಕಿಗೆ ಹಳ್ಳಿಗಳ ನಡುವಿನ ಮಣ್ಣುದಾರಿಯಲ್ಲಿ. ಎರಡರ ಹೊತ್ತನ್ನೂ ಕೂಡಿಸಿ ಫಲಿತಾಂಶ. ಕುಲಕರ್ಣಿ ಕೈ ಉಜ್ಜಿಕೊಂಡರು. "ಹೋಮ್ ಗ್ರೌಂಡ್, ತಿಮ್ಮರಾಜ್!"

ಹೊಸಬರು ಇದನ್ನು ನೆನಪಿಡಿ: ಸ್ವಂತ ಊರಿನಷ್ಟು ಅಪಾಯದ ಟ್ರ್ಯಾಕ್ ಇನ್ನೊಂದಿಲ್ಲ. ದಾರಿ ನೋಡಲು ಹೋದ ದಿನ ಸೆಲ್ವಂ ನಲವತ್ತು ನಿಮಿಷದಲ್ಲಿ ಮುಗಿಸಿದ. ನಾನು ಎರಡು ಕಡೆ ಮಜ್ಜಿಗೆ, ಒಂದು ಕಡೆ ಚಿತ್ರಾನ್ನ, ಒಂದು ಕಡೆ ಹೆಣ್ಣಿನ ಜಾತಕ ನೋಡಿಕೊಂಡು ಬರುವಷ್ಟರಲ್ಲಿ ಸಮಯ ಮುಗಿಯುತ್ತಾ ಬಂದಿತ್ತು. ಕೊನೆಗೆ ಸಿಕ್ಕಿದ್ದು ನಮ್ಮ ಸೋದರತ್ತೆ ಸಿದ್ಗಂಗಮ್ಮ. ಎರಡನೆಯ ಓಟದ ದಾರಿ ಅವಳ ಮನೆಯ ಮುಂದೆಯೇ ಬಲಕ್ಕೆ ತಿರುಗುತ್ತಿತ್ತು. ರಸ್ತೆಯ ಮಧ್ಯೆ ನಿಂತು ಎರಡೂ ಕೈ ಅಗಲಿಸಿದಳು.

"ಏನ್ಲಾ ತಿಮ್ಮ, ನಮ್ಮನೆ ಬಾಗ್ಲಿಗೇ ಬಂದು ಹಂಗೇ ಹೋಯ್ತಿದ್ದೀಯಾ?"

"ಟೈಮಿಲ್ಲ ಕಣತ್ತೆ."

"ನಾಳೆ ಬತ್ತೀಯಲ್ಲ, ಎಷ್ಟೊತ್ಗೆ?"

"ಹನ್ನೊಂದಕ್ಕೆ."

"ನೀವೆಲ್ಲ ತಲೆಗೆ ಮಡಕೆ ಮಗುಚ್ಕಂಡು ಒಂದೇ ತರ ಕಾಣ್ತೀರ. ನಿನ್ನ ಗುರ್ತಿಡಿಯೋದು ಹೆಂಗೆ?"

ಅಲ್ಲಿಯವರೆಗೆ ಪಾಯಿಂಟಿನಲ್ಲಿ ಕೂದಲೆಳೆಯಷ್ಟು ಮುಂದಿದ್ದವನು ನಾನು. ಆದ್ದರಿಂದ ಮಾರನೆಯ ದಿನ ಮೊದಲು ಹೊರಡುವ ಸರದಿ ನನ್ನದೇ. ಎದೆ ಸ್ವಲ್ಪ ಉಬ್ಬಿತ್ತು. "ಎಲ್ರಿಗಿಂತ ಮೊದ್ಲು ಬರೋನೇ ನಾನು," ಅಂದೆ.

"ಒಂದ್ ಗಳಿಗೆ ನಿಲ್ತೀಯಾ? ಆರತಿ ಎತ್ತಿ ಕಳುಸ್ತೀನಿ. ಊರಿಗೇ ಹೆಸರು ತಂದ ಮಗ."

ಟ್ಯಾಬ್ಲೆಟ್ಟಿನಲ್ಲಿ ಏಳು ನಿಮಿಷ ಉಳಿದಿತ್ತು. ರೇಸಿನಲ್ಲಿ ನಿಲ್ಲುವುದಿಲ್ಲ ಎಂದು ನಮ್ಮತ್ತೆಗೆ ತಿಳಿಸಿ ಹೇಳಲು ಇಪ್ಪತ್ತು ನಿಮಿಷ ಬೇಕು. "ಹೂಂ ಅತ್ತೆ, ಆಯ್ತು ಬುಡು," ಅಂದು ಹೊರಟುಬಂದೆ.

ನನ್ನ ವೃತ್ತಿಜೀವನದ ಅತಿ ದೊಡ್ಡ ತಪ್ಪು ಎಮ್ಮೆಯದ್ದಲ್ಲ. ಈ 'ಹೂಂ'.

ಮಾರನೆಯ ಬೆಳಿಗ್ಗೆ ಮೊದಲ ಓಟದಲ್ಲಿ ನಾನು ಮೊದಲು ಹೊರಟೆ. ಆದರೆ ಸೆಲ್ವಂ ನನಗಿಂತ ಮೂರು ಸೆಕೆಂಡು ಬೇಗ ಮುಗಿಸಿದ. ನಿಯಮದ ಪ್ರಕಾರ ಎರಡನೆಯ ಓಟಕ್ಕೆ ಸರದಿ ಬದಲಾಯಿತು. ಅವನು ಮೊದಲು, ನಾನು ಒಂದು ನಿಮಿಷ ಹಿಂದೆ. ನನಗೆ ಮೂರು ಸೆಕೆಂಡಿನದೇ ಚಿಂತೆ. ಅತ್ತೆ ತಲೆಯಲ್ಲಿ ಎಲ್ಲೂ ಇರಲಿಲ್ಲ.

ಮುಂದೆ ಆದದ್ದನ್ನು ಸೆಲ್ವಂ ಆಮೇಲೆ ನನಗೆ ಹೇಳಿದ. ಆ ತಿರುವಿಗೆ ಬಂದರೆ ದಾರಿಯ ಬಣ್ಣವೇ ಬದಲಾಗಿದೆಯಂತೆ. ನಮ್ಮತ್ತೆಯೂ ನೆರೆಮನೆಯ ಹೆಂಗಸರೂ ಬೆಳಿಗ್ಗೆಯೇ ಇಡೀ ತಿರುವಿಗೆ ಸಗಣಿನೀರು ಚೆಲ್ಲಿ, ಅಂಗಳ ಮಾಡಿ, ರಂಗೋಲಿ ಬಿಟ್ಟಿದ್ದರು. ಸೆಲ್ವಂ ಸಗಣಿಯ ಮೇಲೆ ಜಾರಿ, ಹೇಗೋ ಕಾಲೂರಿ, ಸರಿಯಾಗಿ ರಂಗೋಲಿಯ ನಟ್ಟನಡುವೆ ನಿಂತ. ಕೊಟ್ಟ ಮಾತಿನಂತೆ ನಿಂತನಲ್ಲ ಎಂದು ಹೆಂಗಸರಿಗೆ ಆನಂದವಾಯಿತು. ಇಬ್ಬರು ಹ್ಯಾಂಡಲ್ ಹಿಡಿದುಕೊಂಡರು. ಒಬ್ಬಳು ಕೊರಳಿಗೆ ಚೆಂಡುಹೂವಿನ ಹಾರ ಹಾಕಿದಳು. ಅತ್ತೆ ತಟ್ಟೆ ಹಿಡಿದು ಬಂದಳು. ಅವನು ಹೆಲ್ಮೆಟ್ಟಿನ ಗಾಜು ಮೇಲೆತ್ತಿ, "ಅಮ್ಮಾ, ನಾನ್ ಸೆಲ್ವಂ!" ಅಂದ.

ಅತ್ತೆ ಒಳಗೆ ಇಣುಕಿದಳು. "ಅಯ್ಯೋ, ಇವನ್ಯಾರೇ?"

"ನಮ್ಮ ತಿಮ್ಮಣ್ಣ ಅಲ್ಲ ಕಣಮ್ಮ! ಬುಟ್ಬುಡಿ!" ಅಂದಳು ಹ್ಯಾಂಡಲ್ ಹಿಡಿದವಳು.

"ತಟ್ಟೆ ಎತ್ತಾಗೈತೆ ಕಣೇ. ಅರ್ಧಕ್ಕೆ ಇಳುಸ್ಬಾರ್ದು. ಯಾರಾದ್ರೇನು, ಒಬ್ಬ ತಾಯಿ ಮಗ," ಎಂದು ಅತ್ತೆ ನಿಧಾನವಾಗಿ ಮೂರು ಸುತ್ತು ಸುತ್ತಿ, ಗಾಜಿನ ಸಂದಿಯಲ್ಲಿ ಬೆರಳು ತೂರಿಸಿ ಅವನ ಹಣೆಗೆ ಕುಂಕುಮ ಇಟ್ಟಳು.

ಅಷ್ಟರಲ್ಲಿ ನಾನು ತಿರುವಿಗೆ ಬಂದೆ. ಹೆಂಗಸರು, ಹಾರ, ಹೊಗೆಯಾಡುವ ಕರ್ಪೂರ, ನಡುವೆ ಕೈಮುಗಿದುಕೊಂಡ ನನ್ನ ಎದುರಾಳಿ. ಬ್ರೇಕ್ ಒತ್ತಿ ಹೆಂಗಸರ ಪಕ್ಕಕ್ಕೆ ಬಂದೆ. ಅತ್ತೆ ತಿರುಗಿ ನೋಡಿ ಕೂಗಿದಳು:

"ಮುಂಚೇನೇ ಬರ್ಬಾರ್ದೇನ್ಲಾ? ಆರತಿ ಆಗೋಯ್ತು! ಹೋಗು ಹೋಗು, ನಿಲ್ಬ್ಯಾಡ!"

ಹೋದೆ. ಸುಳ್ಳು ಯಾಕೆ, ಹೆಲ್ಮೆಟ್ಟಿನೊಳಗೆ ನಗುತ್ತಲೇ ಹೋದೆ.

ಕೊನೆಯ ಗೆರೆ ದಾಟಿದಾಗ ಒಟ್ಟಿನಲ್ಲಿ ನಾನು ಸೆಲ್ವಂಗಿಂತ ಒಂದು ನಿಮಿಷ ಆರು ಸೆಕೆಂಡು ಮುಂದೆ. ಕುಲಕರ್ಣಿ ನನ್ನನ್ನು ಅಪ್ಪಿಕೊಂಡರು. ಹದಿನೆಂಟು ವರ್ಷದಲ್ಲಿ ಅದೊಂದೇ ಸಲ. ಮೂರನೆಯ ಟೈಟಲ್, ಮುಂದಿನ ವರ್ಷದ ಸೀಟು, ಎಲ್ಲ ಕೈಗೆ ಬಂದಂತಾಯಿತು. ಅರ್ಧ ಗಂಟೆ ಇತ್ತು ಆ ಸುಖ. ಆಮೇಲೆ ತೀರ್ಪುಗಾರರಿಂದ ಕರೆ ಬಂತು.

ನಮ್ಮ ಗಾಡಿಗಳಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಎಲ್ಲಿ ಎಷ್ಟು ಹೊತ್ತು ನಿಂತೆವೆಂದು ಅದು ಹೇಳುತ್ತದೆ. ಸೆಲ್ವಂ ಆ ತಿರುವಿನಲ್ಲಿ ಎಂಬತ್ತು ಸೆಕೆಂಡು ನಿಂತಿದ್ದನ್ನು ಹೇಳಿತ್ತು. ಯಾಕೆ ನಿಂತ ಎಂದು ಹೇಳಲು ಅದಕ್ಕೆ ಬಾಯಿಲ್ಲ. ತಾನೇ ಜಾರಿ ನಿಂತಿದ್ದರೆ ಅವನ ತಪ್ಪು. ಜನ ತಡೆದು ನಿಲ್ಲಿಸಿದ್ದರೆ, ಅದನ್ನು ಕಂಡ ಅಧಿಕಾರಿಯೋ ಬೇರೆ ಸವಾರನೋ ಹೇಳಿದರೆ, ಆ ಹೊತ್ತನ್ನು ಕಳೆದುಬಿಡುವ ನಿಯಮವಿದೆ. ಆ ತಿರುವಿನಲ್ಲಿ ಅಧಿಕಾರಿಗಳು ಯಾರೂ ಇರಲಿಲ್ಲ. ಸವಾರರಲ್ಲಿ ಕಂಡವನು ನಾನೊಬ್ಬನೇ.

ಕುಲಕರ್ಣಿ ನನ್ನನ್ನು ಟೆಂಟಿನ ಹಿಂದಕ್ಕೆ ಎಳೆದುಕೊಂಡು ಹೋದರು. "ಸುಳ್ಳು ಹೇಳ್ಬೇಡ. ಬಸ್, ಧೂಳಿತ್ತು ಅನ್ನು. ರ್‍ಯಾಲೀಲಿ ಧೂಳು ಇರ್ತದೆ. ಧೂಳಲ್ಲಿ ಏನೂ ಕಾಣ್ಸಲ್ಲ. ಖತಂ."

ನನಗೂ ಅದು ಒಳ್ಳೆಯ ಮಾತು ಅನ್ನಿಸಿತು. ಧೂಳಿತ್ತು. ಒಂದೇ ಪದ. ಬಾಯಿಪಾಠ ಮಾಡಿಕೊಳ್ಳುತ್ತಾ ಹೊರಟೆ. ಬಾಷಾ ಅಲ್ಲೇ ಗಾಡಿ ಒರೆಸುತ್ತಾ ಕೂತಿದ್ದ. ಮಾತೆಲ್ಲ ಕೇಳಿಸಿಕೊಂಡಿದ್ದ. ಮಡ್‌ಗಾರ್ಡಿಗೆ ಮೆತ್ತಿದ್ದ ಹಸಿರು ಸಗಣಿಯನ್ನು ಬೆರಳಲ್ಲಿ ಬಳಿದು ನನ್ನ ಮೂಗಿನ ಹತ್ತಿರ ಹಿಡಿದ.

"ಧೂಳು ಎಲ್ಲಿತ್ತು ಮಿಯಾ? ನಿಮ್ಮತ್ತೆ ಧೂಳು ಏಳದಂಗೆ ನೀರು ಹಾಕಿದ್ರಲ್ಲ."

"ನೀನು ಗಾಡಿ ಒರ್ಸು," ಅಂದೆ.

"ಒರುಸ್ತಿದ್ದೀನಿ. ಎಲ್ಲಾ ಒರುಸ್ಲಾ?"

ಮುಂದೆ ಹೋದೆ. ತೀರ್ಪುಗಾರರ ಟೆಂಟಿನ ಹೊರಗೆ ಸೆಲ್ವಂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಹಣೆಯಲ್ಲಿ ಕಾಸಗಲ ಕುಂಕುಮ, ಹಾರವನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ಹಾರ ಬಿಸಾಕಿ ಹೋಗ್ಬೇಕಿತ್ತು ನೀನು. ಹೆಂಗಸ್ರನ್ನ ಸರಿಸ್ಕೊಂಡು ಹೋಗ್ಬೇಕಿತ್ತು," ಅಂದೆ. ತಪ್ಪು ಅವನದೇ ಆಗಿದ್ದರೆ ನನಗೆ ಅನುಕೂಲವಿತ್ತು.

"ಪೆರಿಯವಂಗ ಅಣ್ಣಾ. ದೊಡ್ಡವ್ರು. ಹೆಂಗೆ ತಳ್ಳೋದು? ನಮ್ಮಮ್ಮನೂ ಹಿಂಗೇನೇ." ಆಮೇಲೆ ಹೇಳಿದ, "ಒಳಗೆ ಅವ್ರಿಗೆ ಹೇಳ್ಬಿಟ್ಟೆ ಅಣ್ಣಾ. ತಿಮ್ಮರಾಜಣ್ಣ ನೋಡಿದ್ದಾರೆ, ಅವ್ರು ಏನು ಹೇಳ್ತಾರೋ ಅದೇ ಸರಿ ಅಂತ."

ಹದಿನೆಂಟು ವರ್ಷದಲ್ಲಿ ಎದುರಾಳಿಗಳು ನನಗೆ ಬಗೆಬಗೆಯ ಮೋಸ ಮಾಡಿದ್ದರು. ಮೊಳೆ ಹಾಕಿದ್ದರು, ಪೆಟ್ರೋಲಿಗೆ ನೀರು ಬೆರೆಸಿದ್ದರು. ಇಂಥ ಮೋಸ ಯಾರೂ ಮಾಡಿರಲಿಲ್ಲ.

ಒಳಗೆ ಮೂವರು ಕೂತಿದ್ದರು. ನಡುವಿನವರು ಕನ್ನಡಕ ಏರಿಸಿಕೊಂಡು ಕೇಳಿದರು. "ಆ ತಿರುವಿನಲ್ಲಿ ನೀವು ಏನು ಕಂಡಿರಿ?"

ಧೂಳು ಎಂದು ಬಾಯಿ ತೆರೆದೆ. ಬಾಷಾನ ಬೆರಳಿನ ಸಗಣಿ ವಾಸನೆ ಇನ್ನೂ ಮೂಗಿನಲ್ಲೇ ಇತ್ತು. ಸೀಟು ನೆನಪಾಯಿತು, ಕುಲಕರ್ಣಿಯ ಅಪ್ಪುಗೆ ನೆನಪಾಯಿತು. ಹೊರಗೆ ಹಾರ ಮಡಿಸಿಕೊಂಡು ಕೂತವನೂ ನೆನಪಾದ.

"ಆರತಿ ಕಂಡೆ ಸ್ವಾಮಿ," ಅಂದೆ. "ನಮ್ಮತ್ತೆಯದು. ನನಗೆ ಅಂತ ಎತ್ತಿದ್ದು. ಅವನನ್ನ ಹಿಡ್ಕೊಂಡಿದ್ರು. ನಾನು ದಾಟಿ ಹೋಗೋವಾಗ್ಲೂ ಬಿಟ್ಟಿರಲಿಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಡುವಿನವರು ಬರೆದುಕೊಳ್ಳುತ್ತಾ ಗಂಭೀರವಾಗಿ ಕೇಳಿದರು. "ಆರತಿ ಎತ್ತಲು ಸಾಮಾನ್ಯವಾಗಿ ಎಷ್ಟು ಹೊತ್ತು ಹಿಡಿಯುತ್ತದೆ?"

"ನಮ್ಮತ್ತೆಗೆ ಹತ್ತು ನಿಮಿಷ ಸ್ವಾಮಿ. ಇವತ್ತು ಹಾಡು ಬಿಟ್ಟಿದ್ದಾರೆ."

ಜಾರಿದ್ದಕ್ಕೆ ಹತ್ತು ಸೆಕೆಂಡು ಸೆಲ್ವಂ ಲೆಕ್ಕಕ್ಕೆ ಹೋಯಿತು. ಆರತಿಯ ಎಪ್ಪತ್ತು ಸೆಕೆಂಡು ಕಳೆದರು. ಅವನು ನನಗಿಂತ ನಾಲ್ಕು ಸೆಕೆಂಡು ಮುಂದೆ ಬಂದ. ನಾಲ್ಕು ಸೆಕೆಂಡು ಅಂದರೆ ನೀವು ಈ ಸಾಲು ಓದುವಷ್ಟು ಹೊತ್ತು. ಕುಲಕರ್ಣಿ ಏನೂ ಬೈಯಲಿಲ್ಲ. ಕೈ ಕುಲುಕಿ, "ಆರಾಮ್ ಮಾಡು," ಅಂದರು. ಬೈದಿದ್ದರೆ ಚೆನ್ನಾಗಿತ್ತು. ಪ್ರೇಮ ಟಿಫನ್ ಡಬ್ಬಿ ಬಿಚ್ಚಿ, "ನಿಜ ಹೇಳಿದ್ದಾಯ್ತಲ್ಲ, ಈಗ ಉಣ್ಣಿ, ಮುದ್ದೆ ಆರೋಗ್ತೈತೆ," ಅಂದಳು. ಉಂಡೆ. ನನ್ನ ದಿನಚರಿಯಲ್ಲಿ ಆ ದಿನಕ್ಕೆ ಮುದ್ದೆ, ಹುರುಳಿಕಾಳು ಸಾರು ಎಂದಷ್ಟೇ ಬರೆದಿದೆ.

ಸಂಜೆ ಮಧುಗಿರಿಯಲ್ಲಿ ಬಹುಮಾನ ಕೊಡುವ ಹೊತ್ತಿಗೆ ಅತ್ತೆ ಹೆಂಗಸರನ್ನು ಕಟ್ಟಿಕೊಂಡು ಆಟೋದಲ್ಲಿ ಬಂದಿಳಿದಳು. ಒಳಗೆ ನಡೆದದ್ದು ಅವಳಿಗೇನೂ ಗೊತ್ತಿಲ್ಲ. ಮೇಲಿನ ಮೆಟ್ಟಿಲಲ್ಲಿ ಸೆಲ್ವಂ, ಕೆಳಗಿನ ಮೆಟ್ಟಿಲಲ್ಲಿ ನಾನು. ಅತ್ತೆ ಬಹಳ ಹೊತ್ತು ಇಬ್ಬರನ್ನೂ ನೋಡಿದಳು. ನಾನು ಇಳಿದು ಬಂದ ಮೇಲೆ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದಳು. ಅವಳ ಮುಖ ಇಷ್ಟೇ ಇಷ್ಟಾಗಿತ್ತು.

"ತಿಮ್ಮ, ನಿಂಗೆ ಎತ್ಬೇಕಾದ ಆರತಿ ಅವನಿಗೆ ಎತ್ಬುಟ್ಟೆ ಕಣ್ಲಾ. ಅದಕ್ಕೇ ಅವನು ಗೆದ್ದ. ನೀನು ಸೋತಿದ್ದು ನನ್ನಿಂದ್ಲೇ ಅಲ್ವಾ?"

ಮಧ್ಯಾಹ್ನ ಟೆಂಟಿನೊಳಗೆ ನಿಜ ಹೇಳಿ ನನ್ನ ಪಾಲಿನದು ಮುಗಿದಿತ್ತು. ಒಂದೇ ದಿನದಲ್ಲಿ ಎರಡನೆಯ ಸಲ ಹೇಳುವಷ್ಟು ಒಳ್ಳೆಯವನು ನಾನಲ್ಲ.

"ಇಲ್ಲ ಕಣತ್ತೆ. ಆರತಿಗೂ ಇದಕ್ಕೂ ಸಂಬಂಧವಿಲ್ಲ. ನಾನೇ ನಿಧಾನಕ್ಕೆ ಓಡುಸ್ದೆ."

"ಹಂಗಂದ್ರೆ ನಂದೇನಿಲ್ಲ?"

"ನಿಂದೇನಿಲ್ಲ."

ಅತ್ತೆ ನಿಟ್ಟುಸಿರು ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಖಕ್ಕೆ ಜೀವ ಬಂತು. ಮರುಕ್ಷಣವೇ ಅಷ್ಟೂ ಜನರ ಮುಂದೆ ನನ್ನ ಬೆನ್ನಿಗೊಂದು ಗುದ್ದಿದಳು.

"ಮತ್ತೆ ಇನ್ನೊಸಿ ಜೋರಾಗಿ ಓಡ್ಸಕ್ಕೇನ್ ರೋಗ ಬಂದಿತ್ಲಾ ನಿಂಗೆ?"